ಒಂಬತ್ತು ಕೈ

ಲೋಕಪ್ಪನ ಮೇಲ್ಸಾಲಿನ ಮುಂದಿನ ಹಲ್ಲು ಅಲ್ಲಾಡತೊಡಗಿದ್ದು ದಸರೆಯ ಹೊತ್ತಿಗೆ. ನಾಲಿಗೆಯಿಂದ ಒತ್ತಿದರೆ ಹೊರಗೆ ಬಾಗುತ್ತಿತ್ತು, ಬಿಟ್ಟರೆ ಮತ್ತೆ ಜಾಗಕ್ಕೆ ಬಂದು ಕೂರುತ್ತಿತ್ತು. ಬೇರೆಯವರಿಗಾದರೆ ಕಡಕ್ ರೊಟ್ಟಿ ಬಿಡುವ ಮಾತು, ಅಷ್ಟೆ. ಟ್ರೊಂಬೋನ್ ಊದುವವನಿಗೆ ಹಾಗಲ್ಲ. ಆ ಹಿತ್ತಾಳೆಯ ವಾದ್ಯವನ್ನು ತುಟಿಗೆ ಒತ್ತಿ ಹಿಡಿದಾಗ, ತುಟಿಯ ಹಿಂದೆ ಗೋಡೆಯ ಹಾಗೆ ನಿಲ್ಲುವುದು ಮುಂದಿನ ಎರಡು ಹಲ್ಲು. ಗೋಡೆ ಅಲುಗಿದರೆ ಗಾಳಿ ಸೋರುತ್ತದೆ, ಸ್ವರ ಒಡೆಯುತ್ತದೆ.

ಪಣಜಿಯ ಆರ್ಕೆಸ್ಟ್ರಾದಲ್ಲಿ ವಯೊಲಿನ್ನಿಗೆ ಹದಿನಾಲ್ಕು ಕುರ್ಚಿ, ಟ್ರೊಂಬೋನಿಗೆ ಒಂದೇ. ಆ ಒಂದರಲ್ಲಿ ಮೂವತ್ತೊಂದು ವರ್ಷದಿಂದ ಲೋಕಪ್ಪ ಕೂತಿದ್ದ. ಈಗ ಅವನಿಗೆ ಐವತ್ತಾರು. ಹಲ್ಲಿನ ಸುದ್ದಿಯನ್ನು ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಆ ಕುರ್ಚಿಗೆ ಬಂದ ದಾರಿ ಸಣ್ಣದಲ್ಲ. ತಾಯಿ ಭೂರಿಬಾಯಿ ವಿಜಯಪುರದ ಕಡೆಯ ತಾಂಡಾದಿಂದ ಬಂದು ಕಲಂಗುಟ್ ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ, ಶಂಖ ಮಾರುತ್ತಿದ್ದಳು. ಗಿರಾಕಿಗಳು ತಿರುಗಿ ನೋಡಲಿ ಎಂದು ಹುಡುಗ ಲೋಕಪ್ಪ, ಅಂದಿನ ಲೋಕ್ಯಾ, ದಿನವಿಡೀ ಶಂಖ ಊದುತ್ತಿದ್ದ. ಅದನ್ನು ಕೇಳಿ ಒಂದು ದಿನ ನಿಂತವರು ಚರ್ಚಿನ ಬ್ಯಾಂಡಿನ ಗುರು, ಮೆಸ್ತ್ರಿ ಕೈತಾನ್. ಅವರ ಹುಡುಗರೆಲ್ಲ ಹಡಗಿನ ನೌಕರಿ ಹಿಡಿದು ಹೋಗಿ, ಚರ್ಚಿನ ಹಬ್ಬವಾದ ಫೆಸ್ತಿನ ಮೆರವಣಿಗೆಗೆ ಟ್ರೊಂಬೋನ್ ಊದುವವರು ಇರಲಿಲ್ಲ. ಮೆಸ್ತ್ರಿ ಲೋಕ್ಯಾನ ತುಟಿ ಎತ್ತಿ, ಎತ್ತು ಕೊಳ್ಳುವವರ ಹಾಗೆ ಹಲ್ಲು ನೋಡಿ, ಕೈ ಹಿಡಿದು ಕರೆದುಕೊಂಡು ಹೋದರು.

ಕಲಿಸಿದ್ದು ಬೆತ್ತದಿಂದ. ಟ್ರೊಂಬೋನಿಗೆ ಗುಂಡಿಗಳಿಲ್ಲ, ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಸ್ವರ ಹುಡುಕಬೇಕು. ತೀರ ಕೊನೆಯ ಜಾಗಕ್ಕೆ ಕೈ ಎಟುಕದಾಗ ಭುಜಕ್ಕೆ ಏಟು ಬೀಳುತ್ತಿತ್ತು. ಅದಕ್ಕೆ ಲೋಕಪ್ಪ ಅಳಲಿಲ್ಲ. ಅತ್ತದ್ದು ಬೇರೆಯದಕ್ಕೆ. ಟ್ರೊಂಬೋನಿನವನಿಗೆ ಊದುವುದಕ್ಕಿಂತ ಕಾಯುವ ಕೆಲಸ ಹೆಚ್ಚು. ಉಳಿದವರು ನುಡಿಸುತ್ತಿರುವಾಗ ಅವನು ಬಾರ್ ಎಣಿಸುತ್ತ ಕೂರಬೇಕು. ಮುಂದೆ ನಿಂತವರ ಕೋಲು ಒಮ್ಮೆ ಕೆಳಗೆ ಬಿದ್ದರೆ ಒಂದು ಬಾರ್. ತಾಯಿ ಮಣಿ ಎಣಿಸುವ ಹಾಗೆಯೇ ಲೋಕಪ್ಪ ಹೆಬ್ಬೆರಳನ್ನು ಉಳಿದ ಬೆರಳುಗಳ ಮೇಲೆ ಓಡಿಸಿ ಎಣಿಸಿದ. ಒಂದೊಂದು ಬೆರಳಿಗೆ ಮೂರು ಗೆರೆ, ಒಂದು ತುದಿ, ಒಟ್ಟು ನಾಲ್ಕು. ನಾಲ್ಕು ಬೆರಳಿಗೆ ಹದಿನಾರು. ಹದಿನಾರಾದರೆ ಒಂದು ಕೈ. ಬ್ಯಾಂಡಿನ ಹುಡುಗರು ಅದನ್ನು ಕಂಡು, “ಏ ಮಣಿಯವಳ ಮಗ, ಸರ ಎಷ್ಟಕ್ಕೆ?” ಎಂದು ಮೂರು ವರ್ಷ ಕಾಡಿದರು. ಅಂದಿನಿಂದ ಅವನು ಜೇಬಿನೊಳಗೆ ಕೈ ಇಟ್ಟುಕೊಂಡು ಎಣಿಸತೊಡಗಿದ. ಇಂದಿಗೂ ಅವನ ಎಣಿಕೆ ಜೇಬಿನೊಳಗೇ. ಸಂಗೀತದ ಹಾಳೆಯ ಅಂಚಿನಲ್ಲಿ ಮಾತ್ರ ಪೆನ್ಸಿಲಿನಿಂದ ‘ಮೂರು ಕೈ’, ‘ಐದು ಕೈ’ ಎಂದು ಕನ್ನಡದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಆ ಆರ್ಕೆಸ್ಟ್ರಾದಲ್ಲಿ ಕನ್ನಡ ಓದುವವರು ಇನ್ನೊಬ್ಬರಿರಲಿಲ್ಲ.

ವಾರಕ್ಕೆ ನಾಲ್ಕು ದಿನ ಅವನು ವಾಸ್ಕೋದ ಒಂದು ಶಾಲೆಯಲ್ಲಿ ಬ್ಯಾಂಡ್ ಕಲಿಸುತ್ತಿದ್ದ. ಅಂಬಿಕಾ ಸಿಕ್ಕಿದ್ದು ಅಲ್ಲಿಯೇ. ಊರಿನ ಕನ್ನಡಿಗರ ಕೇರಿ ಮಂಗೋರ್ ಹಿಲ್ಲಿನ ಹುಡುಗಿ. ಅಪ್ಪ ಕಂಠೆಪ್ಪ ಬಂದರಿನ ಗೋದಾಮಿನಲ್ಲಿ ಗೊಬ್ಬರದ ಚೀಲ ಹೊರುತ್ತಿದ್ದ. ಆರನೇ ಇಯತ್ತೆಯಲ್ಲಿ ಅವಳು ಟ್ರೊಂಬೋನ್ ಹಿಡಿದದ್ದು ಇಷ್ಟಪಟ್ಟಲ್ಲ; ಹಗುರಾದ ವಾದ್ಯಗಳನ್ನೆಲ್ಲ ಬೇರೆ ಮಕ್ಕಳು ಎತ್ತಿಕೊಂಡ ಮೇಲೆ ಅದೊಂದೇ ಉಳಿದಿತ್ತು. ಹಿಡಿದವಳು ಬಿಡಲಿಲ್ಲ. ಈಗ ಹತ್ತೊಂಬತ್ತು. ಬೆಳಗಿನಿಂದ ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಲೋಕಪ್ಪನ ಮನೆಗೆ ಬಂದು ಎರಡು ತಾಸು ಊದಿ ಹೋಗುತ್ತಿದ್ದಳು. ವಾದ್ಯ ಅವನದು, ಹಳೆಯದು. ಅದು ಅವನ ಮನೆಯ ಹೊಸಿಲು ದಾಟುವ ಹಾಗಿರಲಿಲ್ಲ.

“ಇದೇನ್ ಸ್ವರಾನs? ಎಮ್ಮಿ ಈಯಾಕತ್ತದೋ ಏನ?”

“ಸರ, ತುಟಿ ಹರದೈತ್ರಿ.”

“ಹರೀಲಿ. ತುಟಿ ಬೆಳೀತಾವ, ದಿನ ಬೆಳಿಯಂಗಿಲ್ಲ. ಊದು.”

ಊದಿ ಊದಿ ಉಸಿರಿನ ಹಬೆ ಕೊಳವೆಯೊಳಗೆ ನೀರಾಗಿ ನಿಲ್ಲುತ್ತದೆ. ಅದನ್ನು ಆಗಾಗ ಹೊರಗೆ ಬಿಡಬೇಕು. ಲೋಕಪ್ಪನ ಮನೆಯ ನೆಲದ ಮೇಲೆ ಆ ನೀರು ಬಿದ್ದರೆ ಅಂಬಿಕಾ ತನ್ನ ದುಪಟ್ಟಾದಿಂದಲೇ ಒರೆಸಬೇಕಿತ್ತು. ಮೂಲೆಯಲ್ಲಿ ಬಟ್ಟೆ ಇರುತ್ತಿತ್ತು. ಅದನ್ನು ಮುಟ್ಟಲು ಅವನು ಬಿಡುತ್ತಿರಲಿಲ್ಲ. ಮೆಸ್ತ್ರಿ ತನಗೆ ಅಂಗಿಯಿಂದ ಒರೆಸಲು ಹಚ್ಚಿದ್ದರು ಎಂಬುದೇ ಅವನ ಬಳಿ ಇದ್ದ ಕಾರಣ.

ಅವಳು ಎಂಟನೇ ಇಯತ್ತೆಯಲ್ಲಿದ್ದಾಗ ಶಾಲೆಯ ಬ್ಯಾಂಡಿನ ತಾಲೀಮಿನಲ್ಲಿ ಒಂದು ಸಂಗತಿ ನಡೆದಿತ್ತು. ಲೋಕಪ್ಪ ಇದ್ದಕ್ಕಿದ್ದಂತೆ ಕೋಲು ಎತ್ತಿ ಎಲ್ಲರನ್ನೂ ನಿಲ್ಲಿಸಿದ.

“ಏ ಅಂಬಿಕಾ, ಬೆರಳಾಗ ಏನ್ ಮಾಡಾಕತ್ತಿ?”

“ಎಣಸಾಕತ್ತೇನ್ರಿ ಸರ.”

“ಹೆಂಗ? ಎಲ್ಲಾರಿಗೂ ತೋರ್ಸು.”

ಅವಳು ಕೈ ಎತ್ತಿ ತೋರಿಸಿದಳು. “ಬೆರಳಿಗೆ ಮೂರು ಗೆಣ್ಣರಿ. ನಾಕ ಬೆರಳಿಗೆ ಹನ್ನೆರಡು. ಹನ್ನೆರಡಾದ್ರ ಒಂದು ಕೈರಿ. ನಮ್ಮಪ್ಪ ಹಿಂಗ ಚೀಲ ಎಣಸ್ತಾನ್ರಿ. ಒಂದು ಕೈಗೆ ಒಂದು ಹರಳು ಈ ಕಿಸೇದಿಂದ ಆ ಕಿಸೇಕ ಹಾಕ್ತಾನ್ರಿ.”

“ಇದು ಗೋದಾಮಲ್ಲವಾ ತಾಯಿ. ಬೆನ್ನ ಮ್ಯಾಲ ಗೋಣಿ ಹಾಕ್ಕೊಂಡ ಬಂದಿಯೇನ ಮತ್ತ?”

ಇಪ್ಪತ್ತೆರಡು ಮಕ್ಕಳು ನಕ್ಕರು. ಲೋಕಪ್ಪನೂ ನಕ್ಕ, ಮಕ್ಕಳು ಸುಮ್ಮನಾದ ಮೇಲೂ ಸ್ವಲ್ಪ ಹೊತ್ತು ನಕ್ಕ. ಅವನ ಬಲಗೈ ಆಗ ಜೇಬಿನಲ್ಲಿತ್ತು. ಆಮೇಲೆ ಅಂಬಿಕಾ ಕೈಯನ್ನು ಲಂಗದ ನೆರಿಗೆಯೊಳಗೆ ಮುಚ್ಚಿಕೊಂಡು ಎಣಿಸತೊಡಗಿದಳು. ಎಣಿಸುವುದನ್ನು ಬಿಡಲಿಲ್ಲ.

ಡಿಸೆಂಬರಿನಲ್ಲಿ ಹಲ್ಲು ಪೂರ್ತಿ ಸಡಿಲಾಯಿತು. ಹಲ್ಲಿನ ಡಾಕ್ಟರು ಅದನ್ನು ಪಕ್ಕದ ಹಲ್ಲಿಗೆ ಸಣ್ಣ ತಂತಿಯಿಂದ ಕಟ್ಟಿ, ಮೂರು ವಾರ ಊದಬೇಡಿ ಎಂದರು. ಆರ್ಕೆಸ್ಟ್ರಾದ ಕಾರ್ಯಕ್ರಮಕ್ಕೆ ಉಳಿದದ್ದು ಆರು ದಿನ. ಲೋಕಪ್ಪ ಮ್ಯಾನೇಜರ್ ನಂದಾಗೆ ಫೋನು ಮಾಡಿ ಜ್ವರ ಎಂದ.

ನಂದಾ ಪಣಜಿಯವಳು, ಮಾತೆಲ್ಲ ಕೊಂಕಣಿಯಲ್ಲಿ. ಅವಳು ಗಾಬರಿಯಾಗಲಿಲ್ಲ. ಅದೇ ಅವನಿಗೆ ಮೊದಲು ಚುಚ್ಚಿದ್ದು. ಜ್ವರ ಬಂದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಎಂದಳು. ಜನವರಿಯಿಂದ ಹೊಸಬರನ್ನು ತೆಗೆದುಕೊಳ್ಳೋಣ ಎಂದು ಕಮಿಟಿಯವರು ಹೇಳುತ್ತಿದ್ದಾರೆ, ಹೇಗೆ ತಿಳಿಸುವುದೋ ಎಂದು ಯೋಚಿಸುತ್ತಿದ್ದೆ ಎಂದಳು. ಭಾನುವಾರ ನಿಮ್ಮ ಶಿಷ್ಯೆ ಅಂಬಿಕಾಳೇ ಕೂರಲಿ, ಕಮಿಟಿಯವರೂ ಬರುತ್ತಾರೆ, ಕೇಳಿ ಒಪ್ಪಿದರೆ ಕುರ್ಚಿ ಅವಳದು.

“ನಿಮಗೂ ಹೆಮ್ಮೆ ಅಲ್ಲವೆ, ಲೋಕಪ್ಪ?”

“ಹೌದು, ಹೆಮ್ಮೆ,” ಎಂದ. ತಂತಿ ಕಟ್ಟಿದ್ದರಿಂದ ಮಾತು ತೊದಲಿತು. ಜ್ವರದ ಬಾಯಿ ಎಂದು ಅವಳು ತಿಳಿದಳು.

ಅವನು ಫೋನು ಇಟ್ಟ. ಆ ಕುರ್ಚಿ ಹೋದರೆ ತಾನು ಏನು? ಶಾಲೆಯ ಬ್ಯಾಂಡಿನ ಮಾಸ್ತರ. ಮದುವೆಗೆ, ಫೆಸ್ತಿಗೆ, ಹೆಣದ ಹಿಂದೆ ಊದುವವನು. ಶಂಖದಿಂದ ಹೊರಟವನು ತಿರುಗಿ ಶಂಖಕ್ಕೇ ಬಂದಂತೆ.

ಶನಿವಾರದ ಕೊನೆಯ ತಾಲೀಮಿಗೆ ಹುಡುಗಿಯನ್ನು ಕಳಿಸಿ ಎಂದು ನಂದಾ ಹೇಳಿದ್ದಳು. ಅದನ್ನು ಅವನು ಅಂಬಿಕಾಗೆ ಮುಟ್ಟಿಸಲಿಲ್ಲ. ಅಂಗಡಿಯಲ್ಲಿ ರಜೆ ಸಿಗಲಿಲ್ಲವಂತೆ, ನಾನು ತಯಾರು ಮಾಡಿದ್ದೇನೆ, ಚಿಂತೆ ಬೇಡ ಎಂದು ನಂದಾಗೆ ಹೇಳಿದ. ತಯಾರು ಮಾಡಿದ್ದು ಸುಳ್ಳಲ್ಲ. ಗುರುವಾರದಿಂದ ಶನಿವಾರದವರೆಗೆ ಊದುವ ಭಾಗಗಳನ್ನೆಲ್ಲ ಅವಳ ಕೈಯಲ್ಲಿ ತಿದ್ದಿಸಿದ. ಅವಳು ಚೆನ್ನಾಗಿ ಊದಿದಳು. ಎಷ್ಟು ಚೆನ್ನಾಗಿ ಎಂದರೆ, ಶನಿವಾರ ಸಂಜೆ ಅವನು ಒಂದು ಬೈಗುಳವೂ ಸಿಗದೆ ಎದ್ದು ಹೊರಗೆ ಹೋದ. ಕಾಯುವ ಭಾಗವನ್ನು ಮಾತ್ರ ಅವರು ಮುಟ್ಟಲಿಲ್ಲ. ಕಾಯುವುದರಲ್ಲಿ ಕಲಿಯುವುದೇನಿದೆ?

ಭಾನುವಾರ ಸಂಜೆ ಐದಕ್ಕೆ ಕಾರ್ಯಕ್ರಮ. ಅಪ್ಪ ಮಗಳು ಇಬ್ಬರೂ ನಾಲ್ಕಕ್ಕೇ ಬಂದು ನಿಂತಿದ್ದರು. ಅಂಬಿಕಾ ಕರಿ ಚೂಡಿದಾರದಲ್ಲಿದ್ದಳು. ಕಂಠೆಪ್ಪ ಹೊಸ ಅಂಗಿ ಹಾಕಿದ್ದ. ಮಡಿಕೆಯ ಗೆರೆ ಇನ್ನೂ ಎದೆಯ ಮೇಲೆ ಇತ್ತು. ಮಗಳಿಗೆ ಬಟ್ಟೆ ತರುವಾಗ ತನಗೂ ಒಂದು ತಂದುಕೊಂಡದ್ದು ಬಹುಶಃ ಅದೇ ಮೊದಲು. ಲೋಕಪ್ಪ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಅಂಬಿಕಾಳಿಗಾಗಿ ತನ್ನ ಟ್ರೊಂಬೋನಿನ ಪೆಟ್ಟಿಗೆ ಹಿಡಿದು, ಜ್ವರದವನ ಹಾಗೆ ನಡೆದು ಬಂದ.

ವೇದಿಕೆಯ ಹಿಂದಿನ ಓಣಿಯಲ್ಲಿ ಅಂಬಿಕಾ ಹಾಳೆಗಳನ್ನು ತಿರುವಿ ತಿರುವಿ ನೋಡುತ್ತಿದ್ದಳು. ನಾಲ್ಕು ಭಾಗದ ದೊಡ್ಡ ಕೃತಿ. ಸಣ್ಣ ಆರ್ಕೆಸ್ಟ್ರಾಕ್ಕೆ ಹೊಂದಲೆಂದು, ಮುಂದೆ ನಿಂತು ಕೋಲು ಬೀಸುವ ಕಂಡಕ್ಟರ್ ಅದರಲ್ಲಿ ಕೆಲವು ಕಡೆ ಕತ್ತರಿಸಿ, ಕೆಲವು ಕಡೆ ಎರಡು ಸಲ ನುಡಿಸುವ ಹಾಗೆ ಮಾಡಿದ್ದರು. ಎರಡನೇ ಭಾಗದಲ್ಲಿ ಟ್ರೊಂಬೋನಿಗೆ ಇರುವುದು ಒಂದೇ ಒಂದು ಸ್ವರ. ಮೆಲ್ಲಗೆ, ಇನ್ನೂ ಮೆಲ್ಲಗೆ ಸಾಗಿದ ಸಂಗೀತವನ್ನು ಅದು ಒಬ್ಬಂಟಿಯಾಗಿ, ಪೂರಾ ಜೋರಿನಿಂದ ಒಡೆಯಬೇಕು. ಅದರ ಬೆನ್ನಿಗೇ ಎಲ್ಲರೂ ನುಗ್ಗಿ ಬರುತ್ತಾರೆ. ಕಮಿಟಿಯವರು ಕಾಯುವುದು ಅದನ್ನೇ ಎಂದು ಎಲ್ಲರಿಗೂ ಗೊತ್ತಿತ್ತು.

“ಸರ, ಬ್ಯಾರೆ ಕಡೆ ಬಾರಿನ ಅಚ್ಚಿನ ಅಂಕಿ ಅದಾವ್ರಿ, ಇಲ್ಲೆ ಮಾತ್ರ ಎಲ್ಲಾ ಹೊಡದ ಹಾಕ್ಯಾರ್ರಿ. ಬಾಜೂಕ ಪೆನ್ಸಿಲ್‌ಲೆ ‘ಒಂಬತ್ತು ಕೈ’ ಅಂತೈತಿ. ನೀವು ಬರದದ್ದೇನ್ರಿ?”

“ಹೂಂ. ತಾಲೀಮಿನಾಗ ಬರಕೊಂಡಿದ್ದೆ.”

ಅವಳ ಮುಖ ಒಮ್ಮೆಲೆ ಅರಳಿತು. “ಹಂಗಾದ್ರ ನೀವೂ ಕೈಲೇ ಎಣಸ್ತೀರೇನ್ರಿ ಸರ? ನಮ್ಮಂಗ?”

ಉತ್ತರಕ್ಕೂ ಕಾಯದೆ ಅವಳು ಅಪ್ಪನ ಕಡೆ ತಿರುಗಿದಳು.

“ಅಪ್ಪಾ, ಕೇಳಿಲ್ಲೆ! ಸರನೂ ಕೈಲೇ ಎಣಸ್ತಾರಂತ!”

“ಏ, ಖರೇನ್ರಿ ಸರ?” ಕಂಠೆಪ್ಪ ಎರಡು ಹೆಜ್ಜೆ ಮುಂದೆ ಬಂದ. “ನಾ ಇದು ಬರೇ ಹಮಾಲರ ವಿದ್ಯಾ ಅಂತ ತಿಳದಿದ್ದೆ. ನೋಡವಾ, ಮತ್ತ ನಾಚಿಕೊಂಡ ಕೈ ಮುಚ್ಚಿಕೊಳ್ತಿದ್ದಿ. ದೊಡ್ಡವರೂ ಹಂಗ ಎಣಸ್ತಾರ.”

ಗಂಟೆ ಹೊಡೆಯಿತು. ಲೋಕಪ್ಪನ ಹೆಬ್ಬೆರಳು ಜೇಬಿನೊಳಗೆ ಕಿರುಬೆರಳಿನ ತುದಿಯ ಮೇಲೆ ಬಂದು ನಿಂತಿತ್ತು. ಅದು ನಾಲ್ಕನೆಯ ಜಾಗ. ಅವರಿಬ್ಬರ ಲೆಕ್ಕದಲ್ಲಿ ಇಲ್ಲದ ಜಾಗ. ಅವನ ಒಂಬತ್ತು ಕೈ ಎಂದರೆ ನೂರಾ ನಲವತ್ತನಾಲ್ಕು ಬಾರ್. ಅವಳ ಒಂಬತ್ತು ಕೈ ಎಂದರೆ ನೂರಾ ಎಂಟು. ನನ್ನ ಕೈ ಹದಿನಾರರದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲು ಸಮಯವೂ ಇತ್ತು. ಅಂಬಿಕಾ ಅವನ ಮುಖವನ್ನೇ ನೋಡುತ್ತಿದ್ದಳು. ಏಳು ವರ್ಷದಲ್ಲಿ ಅವಳು ಅವನನ್ನು ಹೆದರದೆ ನೋಡಿದ್ದು ಅದೇ ಮೊದಲು.

“ಒಂಬತ್ತು ಕೈ ಮುಗದ ಕೂಡ್ಲೇ ಊದು,” ಎಂದ ಲೋಕಪ್ಪ. “ಕಂಡಕ್ಟರ್ ನಿನ್ನ ಕಡೆ ಹೊಳ್ಳಿ ನೋಡಂಗಿಲ್ಲ. ನೀನೂ ಅವ್ರ ಸನ್ನಿ ಕಾಯಬ್ಯಾಡ. ಅಂಜಿ ಮೆತ್ತಗ ಊದಿದೆಪಾ ಅಂದ್ರ ನನ್ನ ಮಾರಿ ನೋಡಬ್ಯಾಡ. ಎದಿ ಬಿಚ್ಚಿ ಊದು.”

ಅವಳು ಬಗ್ಗಿ ಅವನ ಪಾದ ಮುಟ್ಟಿದಳು. ಹಿಂದೆಯೇ ಕಂಠೆಪ್ಪನೂ ಬಗ್ಗಿದ.

ಸಭೆಯಲ್ಲಿ ಕಂಠೆಪ್ಪ ಲೋಕಪ್ಪನ ಪಕ್ಕದಲ್ಲೇ ಕೂತ. ಮೊದಲ ಭಾಗ ಮುಗಿಯಿತು. ಅಂಬಿಕಾ ಮೂರು ಕಡೆ ಊದಿದ್ದಳು, ಮೂರೂ ತುಂಬಿದ ಸ್ವರ. ಮುಂದಿನ ಸಾಲಿನಲ್ಲಿ ನಂದಾ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದಳು; ಅವರು ತಲೆದೂಗಿದರು. ಲೋಕಪ್ಪ ಅದನ್ನು ನೋಡಿದ.

ಎರಡನೇ ಭಾಗ ಶುರುವಾಗುವಾಗ ಕಂಠೆಪ್ಪ ಪಿಸುಗುಟ್ಟಿದ. “ಸರ, ಆ ಕೋಲು ಕೆಳಗ ಬಿದ್ದಾಗೊಮ್ಮೆ ಒಂದು, ಹೌದಿಲ್ರಿ? ಅಂಬಿ ಹೇಳ್ಯಾಳ. ಚೀಲ ಬಿದ್ದಂಗ.”

ಕಂಠೆಪ್ಪ ಎಡ ಜೇಬಿನಿಂದ ಒಂದು ಹಿಡಿ ಶೇಂಗಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಕೋಲು ಬಿತ್ತು. ಅವನ ಹೆಬ್ಬೆರಳು ನಡೆಯತೊಡಗಿತು. ಸಿಮೆಂಟಿನಂತೆ ಗಟ್ಟಿಯಾದ ಬೆರಳುಗಳು. ಬೆರಳಿಗೆ ಮೂರು, ಕೈಗೆ ಹನ್ನೆರಡು, ಒಂದು ಶೇಂಗಾ ಬಲ ಜೇಬಿಗೆ. ಮತ್ತೆ ಹನ್ನೆರಡು, ಮತ್ತೊಂದು ಶೇಂಗಾ. ವೇದಿಕೆಯ ಹಿಂಸಾಲಿನಲ್ಲಿ ಅಂಬಿಕಾ ಕೈಯನ್ನು ತೊಡೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡಿದ್ದಳು. ಇವತ್ತು ಮುಚ್ಚಿಕೊಂಡಿರಲಿಲ್ಲ. ಅಪ್ಪ ಮಗಳ ಹೆಬ್ಬೆರಳು ಮೂವತ್ತು ಅಡಿ ದೂರದಲ್ಲಿ ಒಂದೇ ನಡಿಗೆಯಲ್ಲಿ ನಡೆಯುತ್ತಿತ್ತು.

ಲೋಕಪ್ಪನೂ ಎಣಿಸುತ್ತಿದ್ದ. ಬೇಡವೆಂದರೂ ಬೆರಳು ಕೇಳಬೇಕಲ್ಲ. ಅವನ ಜೇಬಿನಲ್ಲಿ ಆರು ಕೈ ಮುಗಿದಾಗ ಕಂಠೆಪ್ಪನ ಎಂಟನೇ ಶೇಂಗಾ ಬಲ ಜೇಬಿಗೆ ಹೋಯಿತು. ಸಂಗೀತ ಇಳಿಯುತ್ತ ಬಂತು. ಚೆಲ್ಲೋಗಳು ನಿಂತವು. ಕೊಳಲು ನಿಂತಿತು. ಉಳಿದದ್ದು ಒಂದು ವಯೊಲಿನ್. ಎಪ್ಪತ್ತು ದಾಟಿದ ಹೆಂಗಸೊಬ್ಬರು ಅದನ್ನು ನುಡಿಸುತ್ತಿದ್ದರು. ನೂಲಿನಷ್ಟು ತೆಳುವಾದ ಸ್ವರ. ಸಭೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ.

ಅಂಬಿಕಾ ಟ್ರೊಂಬೋನ್ ಎತ್ತಿದಳು.

ಎತ್ತುವುದನ್ನು ಅವನು ನೋಡಿದ. ಅವಳ ಎದೆ ತುಂಬುವುದನ್ನೂ ನೋಡಿದ. ಪಕ್ಕದಲ್ಲಿ ಕಂಠೆಪ್ಪ ಒಂಬತ್ತನೆಯ ಶೇಂಗಾ ಎತ್ತಿಕೊಂಡು, “ಈಗ,” ಎಂದ.

ಅವಳು ಊದಿದಳು. ಗುರು ಹೇಳಿದ ಹಾಗೆಯೇ, ಎದೆ ಬಿಚ್ಚಿ, ಹೆದರದೆ. ಲೋಕಪ್ಪ ತನ್ನ ಜೀವಮಾನದಲ್ಲಿ ಆ ಜಾಗದಲ್ಲಿ ಅಷ್ಟು ದುಂಡಾದ ಸ್ವರ ಊದಿರಲಿಲ್ಲ. ವಯೊಲಿನ್ನಿನ ಮುದುಕಿಯ ಕೈ ಬೆಚ್ಚಿ, ಕಮಾನು ತಂತಿಯ ಮೇಲೆ ಕಿರ್ರೆಂದು ಎಳೆಯಿತು. ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗೆ ಹರಡಿತು.

ಅದೇ ಹೊತ್ತಿಗೆ ಕಂಠೆಪ್ಪ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದ. “ಬರೋಬರಿ! ಬರೋಬರಿ ಐತವಾ! ಒಂಬತ್ತಕ್ಕ ಒಂಬತ್ತು!”

ಇಡೀ ಸಭೆ ತಿರುಗಿ ನೋಡಿತು. ಶ್‌ಶ್ ಎಂದಿತು. ಕಂಠೆಪ್ಪನಿಗೆ ಅರ್ಥವಾಗಲಿಲ್ಲ, ಉಳಿದವರು ಯಾಕೆ ಚಪ್ಪಾಳೆ ಹೊಡೆಯುತ್ತಿಲ್ಲ ಎಂದು ಸುತ್ತ ನೋಡಿದ. ಲೋಕಪ್ಪ ಅವನ ಹೊಸ ಅಂಗಿಯ ಚುಂಗು ಹಿಡಿದು ಎಳೆದು ಕೂರಿಸಿದ.

ಕಂಡಕ್ಟರ್ ನಿಲ್ಲಿಸಲಿಲ್ಲ. ಎಡಗೈಯನ್ನು ಅಂಬಿಕಾಳ ಕಡೆ ಚಾಚಿ, ನಾಯಿಯನ್ನು ಕೂರಿಸುವ ಹಾಗೆ ಕೆಳಗೆ ಒತ್ತಿ, ಬಲಗೈಯಿಂದ ಕೋಲು ಬೀಸುತ್ತಲೇ ಇದ್ದರು. ಮೂವತ್ತಾರು ಬಾರ್ ಆದ ಮೇಲೆ ನಿಜವಾದ ಜಾಗ ಬಂತು. ಅಲ್ಲಿ ಟ್ರೊಂಬೋನ್ ಇರಲಿಲ್ಲ. ಅಂಬಿಕಾ ವಾದ್ಯವನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ತನ್ನ ಕೈಬೆರಳುಗಳನ್ನು ನೋಡುತ್ತ ಕೂತಿದ್ದಳು. ಆಮೇಲಿನ ಎರಡು ಭಾಗದಲ್ಲೂ ಅವಳು ಊದಲಿಲ್ಲ.

ಮುಗಿದ ಮೇಲೆ ಓಣಿಯಲ್ಲಿ ನಂದಾ ಅವಳ ಮುಂದೆ ಹಾದುಹೋಗುತ್ತ ಒಂದು ಕ್ಷಣ ನಿಂತಳು. “ಇದು ಮೆರವಣಿಗೆಯಲ್ಲ ಹುಡುಗಿ,” ಎಂದಳು. ಅಷ್ಟೇ.

“ಸರ, ನಾ ತಪ್ಪಿಲ್ರಿ,” ಎಂದಳು ಅಂಬಿಕಾ. “ಒಂದೂ ಬಿಟ್ಟಿಲ್ರಿ.”

“ಹೌದ್ರಿ ಸರ, ನಾನೂ ಎಣಿಸೇನಿ.” ಕಂಠೆಪ್ಪ ಬಲ ಜೇಬಿನಿಂದ ಶೇಂಗಾ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದ. “ನೋಡ್ರಿ, ಒಂಬತ್ತು. ನಾ ಇಪ್ಪತ್ತಾರು ವರ್ಷ ಎಣಿಸೇನ್ರಿ, ಒಂದು ಚೀಲಾನೂ ಹೆಚ್ಚು ಕಡಿಮಿ ಆಗಿಲ್ಲ.”

ಲೋಕಪ್ಪ ಶೇಂಗಾ ನೋಡಿದ. ಮಫ್ಲರ್ ಸರಿ ಮಾಡಿಕೊಂಡ. “ಅದs ಕಂಠೆಪ್ಪಾ ತಪ್ಪಾಗಿದ್ದು. ಚೀಲದ ಲೆಕ್ಕ ಸಂಗೀತಕ್ಕ ನಡಿಯಂಗಿಲ್ಲ. ಸಣ್ಣಕಿದ್ದಾಗ ನೀ ಕಲಿಸಿದ್ದು ಆಕಿ ಬೆರಳಾಗ ಹೊಕ್ಕು ಕುಂತೈತಿ. ಶಾಲ್ಯಾಗ ಎಲ್ಲಾರ ಮುಂದ ಬೈದೆ, ಆದ್ರೂ ಬಿಡಲಿಲ್ಲ. ನಾ ಏನ್ ಮಾಡ್ಲಿ?”

ಕಂಠೆಪ್ಪ ಮಗಳನ್ನು ನೋಡಲಿಲ್ಲ. ತನ್ನ ಅಂಗೈಯನ್ನು ನೋಡಿದ. ಶೇಂಗಾ ಜೇಬಿಗೆ ಹಾಕಲೋ, ಬಿಸಾಡಲೋ ಗೊತ್ತಾಗದೆ ಹಾಗೇ ಹಿಡಿದು ನಿಂತ.

ಮರುದಿನ ನಂದಾ ಫೋನು ಮಾಡಿದಳು. ಹೊಸಬರ ಮಾತು ಸದ್ಯ ಬೇಡ ಎಂದು ಕಮಿಟಿ ತೀರ್ಮಾನಿಸಿದೆ, ಇನ್ನೆರಡು ವರ್ಷ ಕುರ್ಚಿ ನಿಮ್ಮದೇ ಎಂದಳು. ಲೋಕಪ್ಪ ಕನ್ನಡಿಯ ಮುಂದೆ ನಿಂತು ತುಟಿ ಎತ್ತಿ ಹಲ್ಲು ನೋಡಿಕೊಂಡ. ತಂತಿ ಗಟ್ಟಿಯಾಗಿತ್ತು.

ಮೂರು ವಾರ ಅಂಬಿಕಾ ಪಾಠಕ್ಕೆ ಬರಲಿಲ್ಲ. ನಾಲ್ಕನೇ ವಾರದ ಒಂದು ಸಂಜೆ ಕಂಠೆಪ್ಪನೇ ಅವಳನ್ನು ಕರೆದುಕೊಂಡು ಬಂದ. ಕೈಯಲ್ಲಿ ಸ್ಟೀಲಿನ ಡಬ್ಬಿ. ಅಂದು ಬೆಳಿಗ್ಗೆಯಷ್ಟೇ ಡಾಕ್ಟರು ಲೋಕಪ್ಪನ ತಂತಿ ಬಿಚ್ಚಿದ್ದರು.

“ಆರಾಮಾದ್ರೇನ್ರಿ ಸರ? ಜ್ವರ ಇಳೀತ್ರಿ? ಇವ್ರವ್ವ ಶೇಂಗಾ ಹೋಳಿಗಿ ಮಾಡಿ ಕೊಟ್ಟಾಳ.” ಡಬ್ಬಿ ಇಟ್ಟು ಕೈ ಮುಗಿದ. “ಸರ, ಆಕೀನ ಕೈ ಬಿಡಬ್ಯಾಡ್ರಿ. ತಪ್ಪು ನಂದೈತಿ. ಮನ್ಯಾಗ ಕುಂತು ಒಂದ ಸಮನ ಬೆರಳ ನೋಡ್ಕೋತಾಳ್ರಿ, ಊಟ ಸೇರವಲ್ದು. ನಾನೂ ಬಿಟ್ಟೇನ್ರಿ ಆ ಎಣಿಕಿ. ಈಗ ಗೋಡಿಗೆ ಸೀಮೆಸುಣ್ಣದ್ಲೆ ಗೆರಿ ಎಳಿತೇನಿ. ನಮ್ಮ ಹಮಾಲರ ಮುಕಾದಮ ನಗತಾನ, ನಗವಲ್ನ್ಯಾಕ. ಬೈಯ್ರಿ, ಹೊಡೀರಿ. ಕಲಸ್ರಿ.”

“ಕುಂದ್ರು, ಕುಂದ್ರು,” ಎಂದ ಲೋಕಪ್ಪ. ಅವನ ದನಿಯಲ್ಲಿ ದೊಡ್ಡತನವಿತ್ತು. “ಕೂಸಿನ ಮ್ಯಾಲ ನನಗೇನ್ ಸಿಟ್ಟಿಲ್ಲ. ಎಲ್ಲಾರೂ ಬೀಳ್ತಾರ. ಎಬ್ಬಸೂದು ಗುರುವಿನ ಕೆಲಸ. ಅಂಬಿಕಾ, ವಾದ್ಯ ತಗೋ.”

ಅವಳು ಮೂಲೆಯಲ್ಲಿದ್ದ ಹಳೆಯ ಟ್ರೊಂಬೋನ್ ತೆಗೆದುಕೊಂಡಳು.

ಬಾಗಿಲ ಬಳಿ ಲೋಕಪ್ಪನ ತಾಯಿ ಭೂರಿಬಾಯಿ ಚಾಪೆ ಹಾಸಿಕೊಂಡು ಕೂತಿದ್ದಳು. ಎಂಬತ್ತು ದಾಟಿದರೂ ಕೈ ಸುಮ್ಮನಿರುತ್ತಿರಲಿಲ್ಲ. ಕಲಂಗುಟ್ಟಿನಲ್ಲಿ ಮಾರುವ ಸೊಸೆಯಂದಿರಿಗೆ ಕವಡೆ ಪೋಣಿಸಿ ಕೊಡುತ್ತಿದ್ದಳು. ಕಂಠೆಪ್ಪನ ಮಾತು ಅವಳ ಕಿವಿಗೂ ಬಿದ್ದಿತ್ತು.

“ಯಾವ ಎಣಿಕಿ ಬಿಟ್ಟ್ಯೋ ತಮ್ಮಾ? ಬೆರಳಿಂದೇನ?”

“ಹೂನ್ರಿ ಆಯಿ. ಅದು ಭಾಳ ಕೆಟ್ಟದ್ದ ಮಾಡ್ತು.”

“ಹುಚ್ಚಪ್ಪ, ಬೆರಳು ಏನ್ ಕೆಟ್ಟದ್ದ ಮಾಡ್ತಾವ? ನಾ ಇದರ ಮ್ಯಾಲ ಮನಿ ನಡಿಸೇನಿ.” ಅವಳು ಕೈ ಎತ್ತಿ ಹಿಡಿದಳು. ಹೆಬ್ಬೆರಳು ಕಿರುಬೆರಳಿನ ಬುಡದಿಂದ ಹೊರಟಿತು. “ಒಂದು, ಎರಡು, ಮೂರು, ಈ ತುದಿ ನಾಕು. ನಾಕ ಬೆರಳಿಗೆ ಹದಿನಾರು. ಹದಿನಾರು ಕವಡಿಗೆ ಒಂದು ಗಂಟು.”

“ನಮ್ಮ ಬಂದರದಾಗ ತುದಿ ಹಿಡಿಯಂಗಿಲ್ರಿ ಆಯಿ. ಬರೇ ಗೆಣ್ಣು. ಹನ್ನೆರಡು.”

“ಹನ್ನೆರಡ್ಯಾಕ? ತುದಿ ಏನ್ ಪಾಪ ಮಾಡೇತಿ? ನಮ್ಮ ತಾಂಡಾದಾಗ ಎಲ್ಲಾರದೂ ಹದಿನಾರು. ಲೋಕ್ಯಾಂದೂ ಹದಿನಾರು. ನಾನ ಕಲಸೇನಿ. ಈಗೂ ಕಿಸೇದಾಗ ಕೈ ಇಟ್ಟು ಎಣಸ್ತಿರತಾನ, ಕೇಳವನ್ನ.” ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು.

ಕಂಠೆಪ್ಪನೂ ನಕ್ಕ. “ಹಂಗೇನ್ರಿ ಸರ? ಊರಿಗೊಂದು ಲೆಕ್ಕ ನೋಡ್ರಿ,” ಎಂದು, ಆ ಮಾತನ್ನು ಅಲ್ಲಿಗೇ ಬಿಟ್ಟು ಡಬ್ಬಿಯ ಮುಚ್ಚಳ ತೆಗೆಯತೊಡಗಿದ.

ಅಂಬಿಕಾ ನಗಲಿಲ್ಲ. ಅವಳ ಹೆಬ್ಬೆರಳು ಮೆಲ್ಲಗೆ ಕಿರುಬೆರಳಿನ ಮೂರನೆಯ ಗೆಣ್ಣು ದಾಟಿ ತುದಿಗೆ ಹೋಯಿತು. ಅಲ್ಲಿ ನಿಂತಿತು. ತುಟಿ ಅಲುಗುತ್ತಿತ್ತು, ಒಂಬತ್ತು ಹದಿನಾರಲೆ ಎಷ್ಟು ಎಂದು ಅವಳು ಗುಣಿಸುತ್ತಿದ್ದಳು. ಗುಣಿಸಿ ಮುಗಿದ ಮೇಲೆ ತಲೆ ಎತ್ತಿದಳು.

“ಎಂಟನೇತ್ತಾದಾಗ ನನ್ನ ಕೈ ಎತ್ತಿಸಿ ತೋರಿಸಿದ್ರಿ ಸರ,” ಎಂದಳು. ಬಹಳ ಸಣ್ಣ ದನಿ. “ಹನ್ನೆರಡು ಅಂತ ಹೇಳಿದ್ದೆ. ನೀವು ನಕ್ಕಿದ್ರಿ.”

“ಹಳೇ ಮಾತ್ಯಾಕ ಈಗ?” ಲೋಕಪ್ಪ ತನ್ನ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆದ. “ಜೋಡಿ ಪಾಠ ತಗಿ. ಮೊದಲ ನಾನು. ನೀ ಹದಿನಾರು ಬಾರ್ ಕಾದು ಕೂಡಕೋ.”

ಅವಳು ಹಾಳೆ ತೆಗೆದು ನಿಲ್ಲಿಸಿದಳು. ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಅವಳನ್ನು ಕರೆದುಕೊಂಡು ಹೊರಟುಬಿಡುತ್ತಿದ್ದ, ಮತ್ತು ಟ್ರೊಂಬೋನ್ ಆ ಮನೆಯಲ್ಲೇ ಉಳಿಯುತ್ತಿತ್ತು.

ಲೋಕಪ್ಪ ಊದಿದ. ನಾಲ್ಕು ವಾರದ ನಂತರ ಮೊದಲ ಉಸಿರು. ಮೊದಲ ಎಂಟು ಬಾರ್ ಗಟ್ಟಿಯಾಗಿ ನಿಂತವು. ಆಮೇಲೆ ಮೇಲಿನ ಸ್ವರಕ್ಕೆ ತುಟಿ ಬಿಗಿ ಮಾಡಿದಾಗ ಹಲ್ಲು ಒಳಗೆ ಸರಿಯಿತು. ಸ್ವರದ ಪಕ್ಕದಲ್ಲಿ ಸಣ್ಣಗೆ ಗಾಳಿ ಸೋರಿತು. ಅಂಬಿಕಾ ತಲೆ ಎತ್ತಿ ಅವನ ಬಾಯಿಯನ್ನು ನೋಡಿದಳು. ಜ್ವರ ಯಾವುದು ಎಂದು ಅವಳಿಗೆ ಈಗ ಗೊತ್ತಾಯಿತು.

ಅವಳ ಕೈ ತೊಡೆಯ ಮೇಲೆ ತೆರೆದೇ ಇತ್ತು. ಹದಿನಾಲ್ಕು, ಹದಿನೈದು, ತೋರುಬೆರಳಿನ ತುದಿಗೆ ಹದಿನಾರು. ಅವಳ ಸರದಿ ಬಂತು. ಅವಳು ವಾದ್ಯ ಎತ್ತಲಿಲ್ಲ. ಹೆಬ್ಬೆರಳು ಮತ್ತೆ ಕಿರುಬೆರಳಿನ ಬುಡಕ್ಕೆ ಇಳಿದು ಹೊಸ ಕೈ ಶುರು ಮಾಡಿತು. ಲೋಕಪ್ಪ ಕಣ್ಣಿನಿಂದಲೇ ಸನ್ನೆ ಮಾಡಿದ. ಅವಳು ಕದಲಲಿಲ್ಲ. ಮಧ್ಯದಲ್ಲಿ ನಿಲ್ಲಿಸಿದರೆ ಹಲ್ಲಿನ ಗುಟ್ಟು ಹೊರಬೀಳುತ್ತದೆಂದು ಅವನು ಒಬ್ಬನೇ ಊದುತ್ತ ಹೋದ. ಸ್ವರ ಒಡೆಯಿತು, ಮತ್ತೆ ಹಿಡಿದ, ಮತ್ತೆ ಒಡೆಯಿತು. ತುಟಿಯ ಮೂಲೆಯಲ್ಲಿ ಕೆಂಪಗೆ ಒಂದು ಗೆರೆ ಮೂಡಿತು.

ಕಂಠೆಪ್ಪನಿಗೆ ಸಂಗೀತ ತಿಳಿಯದು. ಆದರೂ ಮಗಳು ಸುಮ್ಮನೆ ಕೂತದ್ದು ಸರಿಯಲ್ಲ ಎಂಬಷ್ಟು ತಿಳಿಯುತ್ತಿತ್ತು. ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಅವನು ಗದರಿದ.

“ಯವ್ವಾ, ಯಾಕ ಊದವಲ್ಲಿ? ಸರ ಒಬ್ರs ಊದಾಕತ್ತಾರಲ್ಲ?”

ಅಂಬಿಕಾ ಲೋಕಪ್ಪನ ಬಾಯಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

“ನಂದಿನ್ನೂ ಬಂದಿಲ್ಲಪಾ,” ಎಂದಳು. “ಎಣಸಾಕತ್ತೇನಿ.”